ಬಯಲಾಟ ಎಲ್ಲರಿಗೂ ಮುಟ್ಟಬೇಕಾದರೆ

ಪ್ರಶ್ನೆ: ಎಣ್ಮಕಜೆ ಕಡೆಯ ನಮ್ಮ ಊರಿನಲ್ಲಿ ಪ್ರತಿವರ್ಷ ಶಾಲೆಯ ಮೈದಾನದಲ್ಲಿ ಯಕ್ಷಗಾನ ಬಯಲಾಟ ಆಡಿಸುತ್ತೇವೆ. ದೃಷ್ಟಿ ಕಳೆದುಕೊಂಡ ಹಿರಿಯರೊಬ್ಬರು, ಕಿವಿ ಕೇಳದ ಹೈಸ್ಕೂಲು ಹುಡುಗಿ, ಗಾಲಿಕುರ್ಚಿಯಲ್ಲಿರುವ ಮೂವರು ಮಕ್ಕಳು ನಮ್ಮಲ್ಲಿದ್ದಾರೆ. ಕಳೆದ ವರ್ಷ ಇವರಾರೂ ಬಂದಿರಲಿಲ್ಲ ಎಂಬುದು ಆಟ ಮುಗಿದ ಮೇಲೆ ಗಮನಕ್ಕೆ ಬಂತು. ಈ ಸಲ ಏನು ಮಾಡಬಹುದು?
– ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಕಾಲದ ಕಾಯಿಲೆ, ಅಂಗವೈಕಲ್ಯಗಳ ನೋವು ನಿಮ್ಮ ಸುತ್ತಲಿನ ಪಂಚಾಯತುಗಳ ಎಷ್ಟೋ ಮನೆಗಳಲ್ಲಿ ಇಂದಿಗೂ ಉಳಿದಿರುವಾಗ, ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನ ಆಟ ಆ ಮನೆಗಳವರನ್ನು ಹೊರಗಿಟ್ಟು ನಡೆಯಬಾರದು. ಆದ್ದರಿಂದ ನಿಮ್ಮ ಪ್ರಶ್ನೆ ನಮಗೆ ಬಹಳ ಮುಖ್ಯವೆನಿಸಿತು.

ಮೊದಲು ಹಿರಿಯರ ವಿಚಾರ. ಭಾಗವತರ ಪದ (ಹಾಡು), ಚೆಂಡೆ, ಮದ್ದಳೆ, ವೇಷಧಾರಿಗಳ ಅರ್ಥ (ಮಾತು) ಎಲ್ಲವೂ ಅವರ ಕಿವಿಗೆ ಬೀಳುತ್ತವೆ. ತಪ್ಪಿಹೋಗುವುದು ಮಾತಿಲ್ಲದ ಭಾಗ. ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ, ಬರುವಾಗ ಚೆಂಡೆಯ ಪೆಟ್ಟು ಏರುತ್ತದೆ, ತೆರೆಯ ಹಿಂದಿನಿಂದ ಅಬ್ಬರ ಕೇಳುತ್ತದೆ, ಪಕ್ಕದ ಮಕ್ಕಳು ಎದ್ದು ನಿಲ್ಲುತ್ತಾರೆ; ಆದರೆ ತೆರೆಯ ಮೇಲೆ ಕಿರೀಟವಷ್ಟೇ ಕಂಡಿತೇ, ಮುಖ ತೋರಿತೇ, ರಾಳದ ಬೆಂಕಿ ಎದ್ದಿತೇ ಎಂದು ಅವರಿಗೆ ಯಾರೂ ಹೇಳುವುದಿಲ್ಲ. ಪ್ರಸಂಗ (ಆಡುವ ಕಥೆ) ಬಲ್ಲ ಒಬ್ಬರು ಪಕ್ಕದಲ್ಲಿ ಕುಳಿತು, ‘ತೆರೆ ಸರಿಯಿತು, ಮುಖದ ತುಂಬ ಬಿಳಿ ಚುಟ್ಟಿ’ (ಮುಖಕ್ಕೆ ಇಡುವ ಉಬ್ಬು ಚುಕ್ಕೆಗಳು) ಎಂಬಂತೆ ಚಿಕ್ಕ ಮಾತುಗಳಲ್ಲಿ ಕಂಡದ್ದನ್ನಷ್ಟೇ ಹೇಳಲಿ, ಪದವೋ ಅರ್ಥವೋ ಶುರುವಾದ ಕೂಡಲೇ ಸುಮ್ಮನಾಗಲಿ. ‘ಭಯಂಕರವಾಗಿದೆ’ ಎನ್ನುವ ಅಗತ್ಯವಿಲ್ಲ. ಭಯಪಡುವುದು ಕೇಳುಗರಿಗೆ ಬಿಟ್ಟ ವಿಷಯ. ಆಟಕ್ಕೆ ಮೊದಲು ಅವರನ್ನು ವೇಷ ಕಟ್ಟುವ ಚೌಕಿಗೆ ಕರೆದೊಯ್ದು ಕಿರೀಟ, ಭುಜಕೀರ್ತಿ, ಗೆಜ್ಜೆಗಳನ್ನು ಮುಟ್ಟಿ ನೋಡಲು ಅವಕಾಶ ಮಾಡಿಕೊಡಿ. ಚೌಕಿಯಲ್ಲಿ ದೇವರ ಪೂಜೆ ನಡೆಯುವುದರಿಂದ ಏನನ್ನು ಮುಟ್ಟಬಹುದೆಂದು ಮೇಳದವರನ್ನು ಮುಂಚಿತವಾಗಿ ಕೇಳಿರಬೇಕು.

ಹುಡುಗಿಯ ವಿಷಯದಲ್ಲಿ ಕಷ್ಟ ಹೆಚ್ಚು. ಪದಗಳು ಪ್ರಸಂಗಪುಸ್ತಕದಲ್ಲಿ ಸಿಗುತ್ತವೆ. ಆದರೆ ಅರ್ಥ ಕಲಾವಿದರು ರಂಗದಲ್ಲೇ ಕಟ್ಟುವ ಮಾತಾದ್ದರಿಂದ ಅದನ್ನು ಮೊದಲೇ ಬರೆದಿಟ್ಟು ಪರದೆಯ ಮೇಲೆ ತೋರಿಸಲಾಗದು. ಅವಳಿಗೆ ಸನ್ನೆ ಭಾಷೆ ಗೊತ್ತಿದೆಯೇ, ಓದುವುದು ಕನ್ನಡವೇ ಮಲಯಾಳವೇ ಎಂಬುದನ್ನು ಅವಳಲ್ಲೇ ಕೇಳಿ, ಸನ್ನಿವೇಶವಾರು ಕಥಾಸಾರವನ್ನು ಆ ಭಾಷೆಯಲ್ಲಿ ಬರೆದು ಕೊಡಿ. ಸನ್ನೆ ಭಾಷೆಯ ದುಭಾಷಿಗಳನ್ನು ಕರೆಸುವುದಾದರೆ ಅವರಿಗೆ ಅರ್ಥಗಾರಿಕೆಯ ಕನ್ನಡ ತಿಳಿಯುವುದೇ ಎಂದು ವಿಚಾರಿಸಿ. ಮಲಯಾಳ ಮಾತ್ರ ಬಲ್ಲವರು ಎಷ್ಟೇ ನುರಿತವರಾದರೂ ಇಲ್ಲಿ ಸೋಲುತ್ತಾರೆ. ಒಬ್ಬರೇ ಇಡೀ ಆಟ ನಿಭಾಯಿಸಲಾರರು. ಇಬ್ಬರಿದ್ದರೆ 20–30 ನಿಮಿಷಕ್ಕೊಮ್ಮೆ ಬದಲಾಗಬಹುದು. ಕಥೆ, ಪದ, ಪಾತ್ರಗಳ ಹೆಸರು ವಾರದ ಮೊದಲೇ ಅವರ ಕೈಸೇರಲಿ. ಅವರು ರಂಗಸ್ಥಳದ ಪಕ್ಕದಲ್ಲೇ ನಿಲ್ಲಲಿ, ಕೈಗಳ ಮೇಲೆ ಬೆಳಕು ಬೀಳಲಿ. ದೂರ ನಿಂತರೆ ಹುಡುಗಿ ಸನ್ನೆ ನೋಡಬೇಕೇ ವೇಷ ನೋಡಬೇಕೇ ಎಂದು ತಡಕಾಡಬೇಕಾಗುತ್ತದೆ.

ಗಾಲಿಕುರ್ಚಿಗೆ ಮೆಟ್ಟಿಲಿಲ್ಲದ ದಾರಿ ಬೇಕು. ಇಳಿಜಾರು ಹಾಕುವುದಾದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದವಿರಲಿ. ಮಕ್ಕಳಿಗೆ ಮನೆಯವರ ಜೊತೆಯಲ್ಲೇ, ಎದುರು ಸಾಲಿನಲ್ಲೇ ಜಾಗ ಬಿಡಿ. ದೊಡ್ಡ ಸದ್ದು ಸಹಿಸದ ಮಗುವಿದ್ದರೆ ಮಾತ್ರ ಧ್ವನಿವರ್ಧಕದಿಂದ ದೂರ ಕೂರಿಸಿ. ಶೌಚಾಲಯದವರೆಗಿನ ದಾರಿಯನ್ನು ಹಗಲಲ್ಲೇ ಕುರ್ಚಿ ತಳ್ಳಿ ನೋಡಿಕೊಳ್ಳಿ.

ಖರ್ಚಿಗಾಗಿ ಪಂಚಾಯತಿಗೆ ಅರ್ಜಿ ಕೊಡಲು ಸಂಕೋಚಪಡಬೇಡಿ. ವಿಕಲಚೇತನರಿಗೆ ಕಲೆ ಲಭ್ಯವಾಗುವಂತೆ ಕ್ರಮ ಕೈಗೊಳ್ಳುವುದು ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಹೊಣೆ ಎಂದು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 29ನೇ ವಿಧಿ ಹೇಳುತ್ತದೆ. ಅರ್ಜಿಯಲ್ಲಿ ಅದನ್ನು ಕಾಣಿಸಿ.

ಇನ್ನೊಂದು ಮಾತು. ಆ ಹಿರಿಯರಿಗೆ ಅರ್ಥ ಹೇಳುವ ಆಸಕ್ತಿ ಇರಬಹುದು, ಕೇಳಿ ನೋಡಿ. ಕುಳಿತೇ ಅರ್ಥ ಹೇಳುವ ತಾಳಮದ್ದಳೆಗೆ ವೇಷವೂ ಬೇಡ, ಕುಣಿತವೂ ಬೇಡ. ಮಳೆಗಾಲದಲ್ಲಿ ಕೂಟ ಇಟ್ಟುಕೊಂಡರೆ ಅವರಿಗೊಂದು ಪಾತ್ರ ಕೊಡಿ. ಪ್ರಸಂಗದ ಪದಗಳನ್ನು ಯಾರಾದರೂ ಮೊಬೈಲಿನಲ್ಲಿ ಓದಿ ಧ್ವನಿಮುದ್ರಿಸಿ ಕೊಟ್ಟರೆ ತಯಾರಿಗೆ ಅನುಕೂಲವಾಗುತ್ತದೆ.