ಸಾಲ ಯಾರದ್ದು, ಬಾಕಿ ಯಾರದ್ದು?

ಪ್ರಶ್ನೆ: ನಮ್ಮ ಊರಿನ ಹತ್ತಿರ ಒಂದು ತೋಟದಲ್ಲಿ ಒಂದು ಕುಟುಂಬ ಮುಂಗಡ ತಗೊಂಡು ವರ್ಷಗಳಿಂದ ದುಡಿಯುತ್ತಿದೆ. ಸಾಲ ತೀರುವವರೆಗೆ ಬಿಟ್ಟು ಹೋಗುವ ಹಾಗಿಲ್ಲ. ಕೇಳಿದರೆ, "ಧಣಿ ಒಳ್ಳೆಯವರು, ಹೊಟ್ಟೆ ಬಟ್ಟೆಗೆ ಕೊರತೆ ಇಲ್ಲ" ಅಂತಾರೆ. ಗುಲಾಮಗಿರಿಯಲ್ಲಿ ಇರುವವರಿಗೆ ನಿಜವಾದ ಸ್ವಾತಂತ್ರ್ಯ, ಸ್ವಾಭಿಮಾನ ಅಂದರೆ ಏನು? ಅವರಿಗೇ ಬೇಡ ಅನ್ನಿಸಿದರೆ ನಾವು ಯಾಕೆ ತಲೆ ಹಾಕಬೇಕು?

ಉತ್ತರ:

"ಧಣಿ ಒಳ್ಳೆಯವರು" ಅನ್ನುವ ಮಾತನ್ನು ಅವರು ಧಣಿಯ ತೋಟದಲ್ಲೇ ನಿಂತು ಹೇಳಿದ್ದಾರೆ. ಇನ್ನೇನು ಹೇಳಿಯಾರು? ಅದೇ ಮನುಷ್ಯ ಆ ಬೇಲಿ ದಾಟಿ, ಬೇರೆ ಊರಲ್ಲಿ ಕೂಲಿ ಮಾಡಿ, ವಾರದ ಕೊನೆಗೆ ದುಡ್ಡು ಎಣಿಸಿಕೊಂಡ ಮೇಲೆ ಏನು ಹೇಳುತ್ತಾನೆ ಅನ್ನುವುದನ್ನು ನೋಡಬೇಕು. ಹಾಗೆ ಹೇಳಿದ ಒಬ್ಬ ಮನುಷ್ಯನ ಕಾಗದ ಉಳಿದುಕೊಂಡಿದೆ. ನಿಮ್ಮ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರಗಳಲ್ಲಿ ಅದೇ ಒಳ್ಳೆಯದು.

ಅವನ ಹೆಸರು ಜೋರ್ಡನ್ ಆಂಡರ್ಸನ್. ಅಮೆರಿಕದ ಟೆನೆಸ್ಸಿ ರಾಜ್ಯದ ಬಿಗ್ ಸ್ಪ್ರಿಂಗ್ ಅನ್ನುವ ಊರಿನಲ್ಲಿ ಕರ್ನಲ್ ಆಂಡರ್ಸನ್ ಎಂಬ ಜಮೀನುದಾರನ ಗುಲಾಮ. ಧಣಿಯ ಅಡ್ಡಹೆಸರೇ ಆಳಿನ ಅಡ್ಡಹೆಸರೂ ಆಗಿತ್ತು. ಅಮೆರಿಕದ ಅಂತರ್ಯುದ್ಧದ ನಡುವೆ, 1864ರಲ್ಲಿ, ಸರ್ಕಾರದ ಸೈನ್ಯದವರಿಂದ ಬಿಡುಗಡೆ ಪತ್ರ ಪಡೆದು, ಹೆಂಡತಿ ಮಕ್ಕಳ ಜೊತೆ ಓಹಾಯೋದ ಡೇಟನ್ ಊರಿಗೆ ಹೋದ. ಯುದ್ಧ ಮುಗಿದ ಮೇಲೆ ಹಳೇ ಧಣಿ ಅವನನ್ನು ಪತ್ತೆ ಮಾಡಿ ಕಾಗದ ಬರೆದ. ವಾಪಸ್ ಬಾ, ನಿನ್ನನ್ನು ಬೇರೆ ಯಾರಿಗಿಂತಲೂ ಚೆನ್ನಾಗಿ ನೋಡಿಕೊಳ್ಳುತ್ತೇನೆ, ಸ್ವಾತಂತ್ರ್ಯವನ್ನೂ ಕೊಡುತ್ತೇನೆ ಅಂತ.

1865ರ ಆಗಸ್ಟ್ 7ಕ್ಕೆ ಜೋರ್ಡನ್ ಉತ್ತರ ಬರೆಸಿದ. ಅದೇ ತಿಂಗಳು ಅದು ಪತ್ರಿಕೆಗಳಲ್ಲಿ ಅಚ್ಚಾಯಿತು. ಬೈಗುಳ ಒಂದೂ ಇಲ್ಲ, ಪೂರ್ತಿ ಮರ್ಯಾದೆಯ ಭಾಷೆ. ನನ್ನನ್ನು ಮರೆಯದೆ ಕಾಗದ ಬರೆದಿದ್ದಕ್ಕೆ ಸಂತೋಷ ಅಂತ ಶುರು ಮಾಡುತ್ತಾನೆ. ನಾನು ಹೊರಡುವ ಮುಂಚೆ ನೀವು ನನ್ನ ಮೇಲೆ ಎರಡು ಸಲ ಗುಂಡು ಹಾರಿಸಿದ್ದಿರಿ, ಆದರೂ ನೀವು ಬದುಕಿರುವುದು ಒಳ್ಳೆಯದೇ ಆಯಿತು ಅನ್ನುತ್ತಾನೆ. ಆಮೇಲೆ ವಿಷಯಕ್ಕೆ ಬರುತ್ತಾನೆ. ಸ್ವಾತಂತ್ರ್ಯ ಕೊಡುತ್ತೇನೆ ಅಂದಿದ್ದೀರಿ, ಅದು ನನ್ನ ಹತ್ತಿರ ಆಗಲೇ ಇದೆ. ಇಲ್ಲಿ ತಿಂಗಳಿಗೆ 25 ಡಾಲರ್ ಸಂಬಳ, ಮೇಲೆ ಊಟ ಬಟ್ಟೆ. ಮಕ್ಕಳು ಶಾಲೆಗೆ ಹೋಗುತ್ತಾರೆ. ಹೆಂಡತಿ ಮ್ಯಾಂಡಿಯನ್ನು ಇಲ್ಲಿನ ಜನ "ಮಿಸೆಸ್ ಆಂಡರ್ಸನ್" ಅಂತ ಕರೆಯುತ್ತಾರೆ.

ಆಮೇಲೆ ಲೆಕ್ಕ. ನಿಮ್ಮ ಮಾತಿನಲ್ಲಿ ಎಷ್ಟು ಸತ್ಯ ಇದೆ ಅಂತ ನೋಡಬೇಕು, ಅದಕ್ಕೆ ನಮ್ಮ ಹಳೇ ಸಂಬಳ ಕಳಿಸಿ ಅನ್ನುತ್ತಾನೆ. ನಾನು ದುಡಿದದ್ದು 32 ವರ್ಷ, ಮ್ಯಾಂಡಿ 20 ವರ್ಷ. ನನಗೆ ತಿಂಗಳಿಗೆ 25 ಡಾಲರ್, ಅವಳಿಗೆ ವಾರಕ್ಕೆ 2 ಡಾಲರ್ ಹಿಡಿದರೆ ಒಟ್ಟು 11,680 ಡಾಲರ್. (ಬೇಕಾದರೆ ನೀವೇ ಗುಣಿಸಿ ನೋಡಿ, ಅವನ ಲೆಕ್ಕ ಸರಿಯಾಗಿದೆ.) ಇದಕ್ಕೆ ಇಷ್ಟು ವರ್ಷದ ಬಡ್ಡಿ ಸೇರಿಸಿ ಅನ್ನುತ್ತಾನೆ. ಅದರಲ್ಲಿ ನೀವು ನಮಗೆ ಕೊಟ್ಟ ಬಟ್ಟೆಯ ಖರ್ಚು, ನನಗೆ ಮೂರು ಸಲ ಡಾಕ್ಟರ್ ಬಂದಿದ್ದು, ಮ್ಯಾಂಡಿಗೆ ಒಂದು ಹಲ್ಲು ಕೀಳಿಸಿದ್ದು, ಇಷ್ಟನ್ನು ಕಳೆಯಿರಿ. ಉಳಿದದ್ದು ನ್ಯಾಯವಾಗಿ ನಮಗೆ ಬರಬೇಕಾದ ಬಾಕಿ.

ಆ ಹಲ್ಲನ್ನು ಗಮನಿಸಿ. ಧಣಿ ಕೊಟ್ಟದ್ದನ್ನು ಅವನು ಮರೆತಿಲ್ಲ, ಇಲ್ಲ ಅಂತಲೂ ಅನ್ನುತ್ತಿಲ್ಲ. ಇಷ್ಟು ವರ್ಷ "ನಾನು ಸಾಕಿದೆ" ಅಂತ ಹೇಳಿಕೊಂಡು ಬಂದವನ ಎದುರಿಗೆ, ಸಾಕಿದ ಖರ್ಚೆಲ್ಲ ಬರೆದು, ಕಳೆದು, ಇನ್ನೂ ಎಷ್ಟು ಬಾಕಿ ಅಂತ ತೋರಿಸಿದ್ದಾನೆ. ನನ್ನ ಮಟ್ಟಿಗೆ ಸ್ವಾಭಿಮಾನ ಅಂದರೆ ಇದೇ. ಎದೆ ಉಬ್ಬಿಸಿ ಮಾತಾಡುವುದು, ಕತ್ತಿ ಹಿಡಿಯುವುದು ಎಲ್ಲ ಸಿನಿಮಾಕ್ಕೆ ಸರಿ. ಉಪಕಾರ ಅಂತ ನಂಬಿಸಿದ್ದನ್ನು ಲೆಕ್ಕಕ್ಕೆ ಹಾಕಿ ನೋಡುವ ಧೈರ್ಯ ಬರುವುದಕ್ಕೆ ತುಂಬಾ ಕಾಲ ಬೇಕು.

ಕಾಗದದಲ್ಲಿ ಇನ್ನೊಂದು ಮಾತಿದೆ. ಅದನ್ನು ಓದಿದಾಗ ನಗು ನಿಂತುಹೋಗುತ್ತದೆ. ನನ್ನ ಇಬ್ಬರು ಹೆಣ್ಣುಮಕ್ಕಳು ಬೆಳೆದು ನಿಂತಿದ್ದಾರೆ. ಅಲ್ಲಿಗೆ ಬಂದರೆ ಅವರ ಮಾನಕ್ಕೆ ಏನು ಭದ್ರತೆ? ಅಲ್ಲಿ ಇಬ್ಬರು ಹುಡುಗಿಯರಿಗೆ ಏನಾಯಿತು ಅಂತ ನಿಮಗೇ ಗೊತ್ತು. ಚಿಕ್ಕ ಧಣಿಗಳ ಕೈಗೆ ನನ್ನ ಮಕ್ಕಳನ್ನು ಕೊಡುವುದಕ್ಕಿಂತ ಇಲ್ಲೇ ಉಪವಾಸ ಬಿದ್ದು ಸಾಯುತ್ತೇನೆ ಅನ್ನುತ್ತಾನೆ. ಕೊನೆಗೆ, ಗುಂಡು ಹಾರಿಸುವಾಗ ನಿಮ್ಮ ಕೈಯಿಂದ ಪಿಸ್ತೂಲು ಕಿತ್ತುಕೊಂಡವರಿಗೆ ನನ್ನ ನಮಸ್ಕಾರ ತಿಳಿಸಿ ಅಂತ ಮುಗಿಸುತ್ತಾನೆ. ಅವನು ವಾಪಸ್ ಹೋಗಲಿಲ್ಲ. 1907ರಲ್ಲಿ ಡೇಟನ್‌ನಲ್ಲೇ ತೀರಿಕೊಂಡ.

ಈಗ ನಿಮ್ಮ "ಒಳ್ಳೆಯ ಧಣಿ" ವಿಷಯ. ಇದಕ್ಕೆ ಫ್ರೆಡರಿಕ್ ಡಗ್ಲಸ್ ಉತ್ತರ ಕೊಟ್ಟಿದ್ದಾನೆ. ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು, ಮುಂದೆ ದೊಡ್ಡ ಭಾಷಣಕಾರನಾದವನು. ತಪ್ಪಿಸಿಕೊಳ್ಳುವ ಮುಂಚೆ ಬಾಲ್ಟಿಮೋರ್ ಬಂದರಿನಲ್ಲಿ ಹಡಗಿನ ಹಲಗೆಗಳ ಸಂದಿಗೆ ನಾರು ತುಂಬಿ ನೀರು ನುಗ್ಗದ ಹಾಗೆ ಮಾಡುವ ಕೆಲಸ ಮಾಡುತ್ತಿದ್ದ. ಕೂಲಿ ಇವನ ಕೈಗೆ ಬರುತ್ತಿತ್ತು. ಶನಿವಾರ ರಾತ್ರಿ ಅದನ್ನು ಪೂರ್ತಿ ಧಣಿಗೆ ಒಪ್ಪಿಸಬೇಕು. ಧಣಿ ಎಣಿಸಿ, ಮುಖ ನೋಡಿ, "ಇಷ್ಟೇನಾ?" ಅಂತ ಕೇಳುತ್ತಿದ್ದ. ಆರು ಡಾಲರ್ ಬಂದ ವಾರ ಕೆಲವೊಮ್ಮೆ ಖುಷಿಯಾಗಿ ಆರು ಸೆಂಟ್ ವಾಪಸ್ ಕೊಡುತ್ತಿದ್ದ. ನೂರಕ್ಕೆ ಒಂದು ಪಾಲು! ಹುಡುಗ ಹುರುಪಿನಿಂದ ದುಡಿಯಲಿ ಅಂತ.

ಅದರಿಂದ ಆಗಿದ್ದು ಉಲ್ಟಾ ಅಂತ ಡಗ್ಲಸ್ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಆರು ಸೆಂಟ್ ಕೊಟ್ಟ ಅಂದರೆ ಆರು ಡಾಲರೂ ನನ್ನದೇ ಅಂತ ಅವನು ಒಪ್ಪಿಕೊಂಡ ಹಾಗೆ ಆಯಿತಲ್ಲ ಅನ್ನಿಸಿತಂತೆ. ಆ ಚಿಲ್ಲರೆ ಕೈಗೆ ಬಂದಾಗಲೆಲ್ಲ ಸಂಕಟವೇ ಜಾಸ್ತಿಯಾಗುತ್ತಿತ್ತು, ಯಾಕೆಂದರೆ ಇದರಿಂದ ಧಣಿಯ ಮನಸ್ಸು ಹಗುರ ಆಗಿ, ತಾನು ಮರ್ಯಾದಸ್ಥ ಕಳ್ಳ ಅಂತ ಅವನಿಗೆ ಅನ್ನಿಸಿಬಿಡುತ್ತದೆ ಅನ್ನುವ ಭಯ. ಒಳ್ಳೆಯ ಧಣಿಯ ಒಳ್ಳೆಯತನ ಹೀಗೂ ಕೆಲಸ ಮಾಡುತ್ತದೆ. ಇನ್ನೊಂದು ಕಡೆ ಜೋರ್ಡನ್ ತನ್ನ ಕಾಗದದಲ್ಲಿ ಹೇಳುತ್ತಾನೆ: ಇಲ್ಲಿ ಪ್ರತಿ ಶನಿವಾರ ರಾತ್ರಿ ನನ್ನ ಸಂಬಳ ನಾನು ತಗೊಳ್ಳುತ್ತೇನೆ, ನಿಮ್ಮಲ್ಲಿ ಕುದುರೆ ಹಸುಗಳಿಗೆ ಎಷ್ಟು ಸಂಬಳದ ದಿನ ಇತ್ತೋ ನಮಗೂ ಅಷ್ಟೇ ಇತ್ತು.

ಅಮೆರಿಕದ ಕತೆ ನಮಗೆ ಯಾಕೆ ಅಂತ ಕೇಳಬಹುದು. ನಮ್ಮ ಅಜ್ಜನ ಕಾಲದಲ್ಲಿ ನಮ್ಮ ಮನೆಯಲ್ಲೂ ಒಬ್ಬರು ಜೀತಕ್ಕಿದ್ದರು. ಮದುವೆಗೆ ಅಂತ ಮಾಡಿದ ಸಾಲ. ಅಜ್ಜನ ಕೆಂಪು ರಟ್ಟಿನ ಲೆಕ್ಕದ ಪುಸ್ತಕದಲ್ಲಿ ಅವರಿಗೆ ಒಂದು ಪುಟ ಇತ್ತು. ವರ್ಷಕ್ಕೊಂದು ಕಂಬಳಿ, ಚಪ್ಪಲಿ, ಜಾತ್ರೆಗೆ ಕೊಟ್ಟ ಪುಡಿಗಾಸು, ಜ್ವರ ಬಂದು ಮಲಗಿದ ದಿನಗಳು, ಎಲ್ಲ ಅವರ ಹೆಸರಿನ ಖರ್ಚು. ಜಮಾ ಕಡೆ ಏನೂ ಇರಲಿಲ್ಲ. ಉತ್ತಿದ್ದು, ದನ ಮೇಯಿಸಿದ್ದು, ರಾತ್ರಿ ಕಾವಲು ಕೂತಿದ್ದು ಒಂದು ಸಾಲಿನಲ್ಲೂ ಇಲ್ಲ. ಅಂದರೆ ಸಾಲ ತೀರುವ ದಾರಿಯೇ ಆ ಪುಟದಲ್ಲಿ ಇರಲಿಲ್ಲ. ಮನೆಯ ಚಿಕ್ಕ ಹುಡುಗರೂ ಅಷ್ಟು ದೊಡ್ಡ ಮನುಷ್ಯನನ್ನು "ಲೋ, ಬಾರೋ ಇಲ್ಲಿ" ಅನ್ನುತ್ತಿದ್ದರು. ಈಗಲೂ ಮನೆಯಲ್ಲಿ ಮಾತು ಬಂದರೆ, "ಅವನನ್ನು ಮನೆ ಮಗನ ಹಾಗೆ ನೋಡಿಕೊಂಡ್ವಿ" ಅಂತಾರೆ. ಸುಮ್ನೆ ಒಂದು ಮಾತು ಕೇಳುತ್ತೇನೆ: ಮನೆ ಮಗ ಆಗಿದ್ದರೆ ಆಸ್ತಿಯಲ್ಲಿ ಪಾಲು ಕೊಡಬೇಕಿತ್ತು ಅಲ್ವಾ?

ಜೋರ್ಡನ್ ಬರೆದ ಪಟ್ಟಿಯಲ್ಲೂ ಬಟ್ಟೆ, ಕಾಯಿಲೆ ಎಲ್ಲ ಇವೆ. ನಮ್ಮ ಅಜ್ಜನ ಪುಸ್ತಕದಲ್ಲೂ ಇವೆ. ಜಮಾ ಕಡೆ ದುಡಿಮೆ ಬರೆದರೋ ಇಲ್ಲವೋ ಅನ್ನುವುದಷ್ಟೇ ವ್ಯತ್ಯಾಸ.

ಈ ತಪ್ಪು ಲೆಕ್ಕ ದೊಡ್ಡ ದೊಡ್ಡ ಸರ್ಕಾರಗಳೂ ಮಾಡಿವೆ. ಬ್ರಿಟನ್ 1833ರ ಕಾಯ್ದೆಯಲ್ಲಿ ತನ್ನ ವಸಾಹತುಗಳ ಗುಲಾಮಗಿರಿ ರದ್ದು ಮಾಡಿದಾಗ 2 ಕೋಟಿ ಪೌಂಡ್ ಪರಿಹಾರ ಎತ್ತಿಟ್ಟಿತು. ಅದು ಹೋಗಿದ್ದು ಗುಲಾಮರನ್ನು ಕಳೆದುಕೊಂಡ ಧಣಿಗಳಿಗೆ. ದುಡಿದವರಿಗೆ ಒಂದು ಕಾಸೂ ಇಲ್ಲ. ಸಾಲದು ಅಂತ "ಕೆಲಸ ಕಲಿಯುವವರು" ಅನ್ನುವ ಹೆಸರಿನಲ್ಲಿ ಹೆಚ್ಚಿನವರು 1838ರವರೆಗೆ ಅದೇ ಧಣಿಗಳ ಹತ್ತಿರ ಬಿಟ್ಟಿ ದುಡಿಯಬೇಕಾಯಿತು.

ನಮ್ಮ ದೇಶದ ಜೀತ ಪದ್ಧತಿ ರದ್ದತಿ ಕಾಯ್ದೆ ಈ ಒಂದು ವಿಷಯದಲ್ಲಿ ಸರಿಯಾದ ದಾರಿ ಹಿಡಿದಿದೆ ಅಂತ ನನಗೆ ಅನ್ನಿಸುತ್ತದೆ. 1976ರ ಕಾಯ್ದೆ, 1975ರ ಅಕ್ಟೋಬರ್ 25ರಿಂದಲೇ ಜಾರಿ. ಜೀತದ ಸಾಲವನ್ನು ಯಾರಾದರೂ ತೀರಿಸಿ ಆಳನ್ನು ಬಿಡಿಸಿಕೊಳ್ಳಿ ಅಂತ ಅದು ಹೇಳುವುದಿಲ್ಲ. ಸಾಲವೇ ಅಳಿದುಹೋಯಿತು ಅನ್ನುತ್ತದೆ. ಹಾಗೆ ಅಳಿದುಹೋದ ಸಾಲಕ್ಕೆ ಆಮೇಲೆ ದುಡ್ಡು ತಗೊಂಡರೆ ಅದೇ ಅಪರಾಧ, ಮೂರು ವರ್ಷದವರೆಗೆ ಜೈಲು. "ಇದು ಜೀತದ ಸಾಲ" ಅಂತ ಆಳು ಹೇಳಿದರೆ, ಅಲ್ಲ ಅಂತ ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದ್ದು. ಓದು ಬರಹ ಗೊತ್ತಿಲ್ಲದ ಮನುಷ್ಯನಿಗೆ ಇದು ದೊಡ್ಡ ಬಲ, ಯಾಕೆಂದರೆ ಪುಸ್ತಕ ಇರುವುದು ಯಾವಾಗಲೂ ಧಣಿಯ ಮನೆಯಲ್ಲಿ.

"ಅವರಾಗಿಯೇ ಇದ್ದಾರಲ್ಲ" ಅನ್ನುವುದಕ್ಕೂ ಉತ್ತರ ಬಂದಾಗಿದೆ. ದೆಹಲಿಯ ಏಷ್ಯನ್ ಕ್ರೀಡಾಕೂಟಕ್ಕೆ ಕಟ್ಟಡ ಕಟ್ಟುತ್ತಿದ್ದ ಕೂಲಿಗಳ ಮೊಕದ್ದಮೆಯಲ್ಲಿ, 1982ರಲ್ಲಿ, ಸುಪ್ರೀಂ ಕೋರ್ಟ್ ಹೇಳಿತು: ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸುವ ಬಲವಂತದ ದುಡಿಮೆಯೇ. ಬಲವಂತ ಅಂದರೆ ಬೆನ್ನ ಹಿಂದೆ ದೊಣ್ಣೆ ಹಿಡಿದು ನಿಲ್ಲಲೇಬೇಕು ಅಂತಿಲ್ಲ, ಹಸಿವು ಬಡತನ ಬೇರೆ ದಾರಿ ಇಲ್ಲದ ಹಾಗೆ ಮಾಡಿದರೂ ಅದು ಬಲವಂತವೇ.

ಆದರೆ ಕಾಗದದ ಬಿಡುಗಡೆಯಿಂದ ಹೊಟ್ಟೆ ತುಂಬುವುದಿಲ್ಲ. 1865ರಲ್ಲಿ ಅಮೆರಿಕದ ದಕ್ಷಿಣ ಕರಾವಳಿಯಲ್ಲಿ ಬಿಡುಗಡೆಯಾದ ಕುಟುಂಬಗಳಿಗೆ ತಲಾ 40 ಎಕರೆವರೆಗೆ ಜಮೀನು ಕೊಡುವ ಸೇನಾ ಆದೇಶ ಆಯಿತು. ಅದೇ ವರ್ಷ ಹೊಸ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಆ ಜಮೀನನ್ನು ಹಳೇ ಮಾಲೀಕರಿಗೇ ವಾಪಸ್ ಕೊಡಿಸಿದ. ಬಹಳಷ್ಟು ಜನ ಕೊನೆಗೆ ಅದೇ ಹೊಲಗಳಲ್ಲಿ ಪಾಲಿಗೆ ಉಳಬೇಕಾಯಿತು. ಮತ್ತೆ ಧಣಿಯ ಅಂಗಡಿ, ಮತ್ತೆ ಧಣಿಯ ಪುಸ್ತಕ. ನಮ್ಮಲ್ಲೂ ಬಿಡುಗಡೆಯಾಗಿ ಊರಿಗೆ ಬಂದ ಜೀತದಾಳುಗಳು ಪುನರ್ವಸತಿ ಇಲ್ಲದೆ ಒದ್ದಾಡುತ್ತಿದ್ದ ವಿಷಯ 1984ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂತು. ಬಿಡಿಸಿದರೆ ಸಾಲದು, ಬದುಕು ಕಟ್ಟಿಕೊಡಬೇಕು ಅಂತ ಕೋರ್ಟ್ ಸ್ಪಷ್ಟವಾಗಿ ಹೇಳಿತು. 2016ರ ಕೇಂದ್ರ ಯೋಜನೆಯಲ್ಲಿ ಗಂಡಸರಿಗೆ 1 ಲಕ್ಷ, ಹೆಂಗಸರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ತೀರಾ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿ ನೆರವು ಇದೆ. ಮನೆಯಲ್ಲಿ ಎರಡು ತಿಂಗಳ ರಾಗಿ ಇರುವ ಮನುಷ್ಯ ಮಾತ್ರ ಕೂಲಿಗೆ ಚೌಕಾಸಿ ಮಾಡಬಲ್ಲ. ಸ್ವಾಭಿಮಾನದ ಬಗ್ಗೆ ಭಾಷಣ ಮಾಡುವವರು ಈ ರಾಗಿಯ ವಿಷಯ ಎತ್ತುವುದೇ ಇಲ್ಲ.

ಹಾಗಾಗಿ ಆ ತೋಟದ ಕುಟುಂಬವನ್ನು "ನಿಮಗೆ ಸ್ವಾತಂತ್ರ್ಯ ಬೇಕಾ?" ಅಂತ ಕೇಳಬೇಡಿ. ಅದಕ್ಕೆ ಯಾರೂ ಉತ್ತರ ಕೊಡಲಾರರು. ಧಣಿಯ ಕಡೆಯವರು ಪಕ್ಕದಲ್ಲಿ ಇಲ್ಲದಾಗ ಬೇರೆ ಪ್ರಶ್ನೆ ಕೇಳಿ. ಮುಂಗಡ ಎಷ್ಟು ತಗೊಂಡಿದ್ದಿರಿ, ಈಗ ಎಷ್ಟಿದೆ ಅಂತಾರೆ? ಆ ಲೆಕ್ಕ ಯಾರ ಹತ್ತಿರ ಇದೆ, ನೀವು ಯಾವತ್ತಾದರೂ ನೋಡಿದ್ದೀರಾ? ಪಕ್ಕದ ತೋಟದಲ್ಲಿ ಕೂಲಿ ಜಾಸ್ತಿ ಕೊಟ್ಟರೆ ನಾಳೆ ಹೋಗಬಹುದಾ? ತಮ್ಮನ ಮದುವೆಗೆ ಊರಿಗೆ ಹೋಗಬೇಕಾದರೆ ಹೆಂಡತಿ ಮಕ್ಕಳನ್ನೂ ಕರಕೊಂಡು ಹೋಗಲು ಬಿಡುತ್ತಾರಾ, ಇಲ್ಲಾ ಒಬ್ಬರನ್ನು ಇಲ್ಲೇ ಉಳಿಸಿಕೊಳ್ಳುತ್ತಾರಾ? ಈ ಕೊನೆಯ ಪ್ರಶ್ನೆಗೆ ಅವರು ತಡವರಿಸಿದರೆ ಅದು ಜೀತವೇ ಇರಬೇಕು.

ಆಗ ಒಂದು ಮಾತು ನೆನಪಿರಲಿ. ಕನಿಕರಕ್ಕೆ ಒಳಗಾಗಿ ಜನರ ಹತ್ತಿರ ದುಡ್ಡು ಎತ್ತಿ ಧಣಿಗೆ ಸಾಲ ಕಟ್ಟಲು ಹೋಗಬೇಡಿ. ಕಟ್ಟಿದರೆ ಆ ಪುಸ್ತಕ ಸರಿ ಅಂತ ನೀವೇ ಸಹಿ ಹಾಕಿದ ಹಾಗಾಗುತ್ತದೆ. ಜಿಲ್ಲಾಧಿಕಾರಿಗೋ ಉಪವಿಭಾಗಾಧಿಕಾರಿಗೋ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಹಾಗೆ ಮಾಡುವ ಮುಂಚೆ ಆ ಕುಟುಂಬದ ಜೊತೆ ಮಾತಾಡಿ, ಅಲ್ಲಿಂದ ಹೊರಬಂದ ದಿನ ಅವರು ಎಲ್ಲಿ ಮಲಗುತ್ತಾರೆ, ಏನು ಉಣ್ಣುತ್ತಾರೆ ಅನ್ನುವುದನ್ನು ಗೊತ್ತು ಮಾಡಿಕೊಳ್ಳಿ. ತನಿಖೆ ಆದ ಮೇಲೆ ಬಿಡುಗಡೆ ಪತ್ರ ಒಬ್ಬೊಬ್ಬರ ಹೆಸರಿನಲ್ಲೂ ಬೇರೆ ಬೇರೆ ಬರೆಸಿ. ಹೆಂಡತಿಯದ್ದನ್ನು ಗಂಡನ ಪತ್ರದಲ್ಲೇ ಸೇರಿಸಿಬಿಡುತ್ತೇವೆ ಅಂದರೆ ಒಪ್ಪಬೇಡಿ. ಅವಳೂ ಅಷ್ಟೇ ವರ್ಷ ದುಡಿದಿದ್ದಾಳೆ.