ಜರ್ಮನಿಯವರಿಗೆ ತೆಂಗಿನಕಾಯಿ ಎಲ್ಲಿಂದ ಬಂತು?

ನೆಲ-ಜಲ: ಓದುಗರ ಪ್ರಶ್ನೆ, ನಿವೃತ್ತ ಭೂವಿಜ್ಞಾನಿಯ ಉತ್ತರ

ಪ್ರಶ್ನೆ: ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಎರಡು ವರ್ಷದಿಂದ ಅಂತರ್ಜಲ ಸರ್ವೆ ಕೆಲಸ ಮಾಡುತ್ತಿದ್ದೇನೆ. ನಮ್ಮ ತೋಟದ ಹಳೇ ಬೋರು ಬತ್ತಿತು. ಗೆಳೆಯರಿಂದ ಯಂತ್ರ ತಂದು, ಒಂದು ದಿನ ಪೂರ್ತಿ ಬಿಸಿಲಲ್ಲಿ ನಿಂತು ಸರ್ವೆ ಮಾಡಿ, ಹಳೇ ಬಾವಿ ಪಕ್ಕದ ತಗ್ಗಿನಲ್ಲಿ ಕೊರೆಸಿ ಎಂದೆ. ದೊಡ್ಡಪ್ಪ ಕೇಳಲಿಲ್ಲ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರನ್ನು ಕರೆಸಿದರು. ಅವರು ದಿಬ್ಬದ ಮೇಲೆ ಹುಣಸೆಮರದ ಹತ್ತಿರ ಪಾಯಿಂಟ್ ಹಾಕಿದರು. 1,180 ಅಡಿ ಹೋದರೂ ಬರೀ ಧೂಳು. ಎರಡು ಲಕ್ಷದ ಹತ್ತಿರ ಖರ್ಚಾಯಿತು.

ಈಗಲಾದರೂ ಕೇಳುತ್ತಾರೇನೋ ಅಂತ ಜರ್ಮನಿಯ ಮ್ಯೂನಿಕ್ ಪ್ರಯೋಗದ ಕಥೆ ಹೇಳಿದೆ. 1987–88ರಲ್ಲಿ ಕಣಜದ ನೆಲದ ಮೇಲೆ ನೀರಿನ ಪೈಪನ್ನು ಅತ್ತಿತ್ತ ಸರಿಸುತ್ತಾ, ಮೇಲಿನ ಅಟ್ಟದಲ್ಲಿ ನೀರು ನೋಡುವ 43 ಮಂದಿಯನ್ನು ಒಟ್ಟು 843 ಸಲ ಪರೀಕ್ಷಿಸಿದ್ದರು. ಒಂದು ಸಲ ಚೆನ್ನಾಗಿ ಹೇಳಿದವರೇ ಇನ್ನೊಂದು ಸಲ ತಪ್ಪಿದರು. ದೊಡ್ಡಪ್ಪ ಎಲೆಅಡಿಕೆ ಉಗಿದು ಬಂದು, “ಜರ್ಮನಿಯವರಿಗೆ ತೆಂಗಿನಕಾಯಿ ಎಲ್ಲಿಂದ ಬಂತಮ್ಮ?” ಎಂದರು. ಮನೆಯವರೆಲ್ಲ ನಕ್ಕರು. ಅಮಾವಾಸ್ಯೆ ಕಳೆದ ಮೇಲೆ ಇನ್ನೊಬ್ಬ ಕಾಯಿಯವರು ಬರುತ್ತಾರಂತೆ. ಓದಿದ್ದಾದರೂ ಯಾಕೆ ಅನ್ನಿಸಿದೆ. ಹೇಳುವುದನ್ನೇ ಬಿಟ್ಟುಬಿಡಲೇ?
(ಹೆಸರು ಬೇಡ, ಚಿಂತಾಮಣಿ ತಾಲ್ಲೂಕು)

ಉತ್ತರ: ನಿಮ್ಮ ದೊಡ್ಡಪ್ಪನ ಮಾತಿಗೆ ನಾನೂ ನಕ್ಕುಬಿಟ್ಟೆನಮ್ಮ, ಕ್ಷಮಿಸಿ. ಆಮೇಲೆ ಹೊಟ್ಟೆ ಉರಿಯಿತು. ಮೂವತ್ತೊಂದು ವರ್ಷ ಇದೇ ಕೆಲಸ ಮಾಡಿದವನು ನಾನು. ನನ್ನ ಸ್ವಂತ ಮಾವನವರು ಬೋರು ಹಾಕಿಸುವಾಗ ನನ್ನನ್ನೂ ಕರೆದಿದ್ದರು, ಗಂಗಮ್ಮನ ಪೂಜೆಗೆ ಅರಿಶಿನ ಕುಂಕುಮದ ತಟ್ಟೆ ಹಿಡಿಯಲು.

ಮೊದಲು ಒಂದು ಗುಟ್ಟು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಶಿರಾ ಕಡೆ ಒಂದು ಹೊಲದಲ್ಲಿ, ಯಾರೂ ಇಲ್ಲದ ಹೊತ್ತು ನೋಡಿ ನಾನೇ ಕಾಯಿ ಹಿಡಿದೆ. ಜುಟ್ಟು ಬೆರಳಿನ ಕಡೆ ಇರುವಂತೆ ಅಂಗೈ ಮೇಲೆ ಮಲಗಿಸಿಕೊಂಡು ನಿಧಾನಕ್ಕೆ ನಡೆದೆ. ಒಂದು ಕಡೆ ಬಂದಾಗ ಕಾಯಿ ಅಲುಗಿತು, ಜುಟ್ಟು ಮೇಲಾಗಿ ಎದ್ದು ನಿಂತಿತು. ಮೈ ಜುಮ್ಮೆಂದಿತು. ನಾನು ಎತ್ತಲಿಲ್ಲ ಅಂತ ಯಾವ ದೇವರ ಮುಂದೆ ಬೇಕಾದರೂ ಆಣೆ ಮಾಡುತ್ತಿದ್ದೆ. ಸುತ್ತ ನೋಡಿದರೆ ನಾನು ನಿಂತದ್ದು ಹೊಲದಲ್ಲಿ ಗರಿಕೆ ಹಸಿರಾಗಿದ್ದ ಒಂದೇ ಒಂದು ಜಾಗದಲ್ಲಿ. ಕಣ್ಣು ಅದನ್ನು ಬದುವಿನ ಮೇಲಿಂದಲೇ ನೋಡಿತ್ತು. ಅಂಗೈ ಕೂದಲೆಳೆಯಷ್ಟು ವಾಲಿದರೂ ಉರುಟಾದ ಕಾಯಿಗೆ ಸಾಕು. ವಾಲಿದ್ದು ನಮಗೇ ಗೊತ್ತಾಗುವುದಿಲ್ಲ.

ಆದ್ದರಿಂದ ಕಾಯಿ ಹಿಡಿಯುವವರೆಲ್ಲ ಮೋಸಗಾರರು ಎನ್ನಬೇಡಿ. ಹೆಚ್ಚಿನವರು ಪ್ರಾಮಾಣಿಕವಾಗಿ ನಂಬಿದವರು. ನೂರಾರು ಬೋರು ನೋಡಿದ ಹಳಬರ ಕಣ್ಣಿಗೆ ಜಾಗದ ಅಂದಾಜೂ ಇರುತ್ತದೆ. ನಿಮ್ಮ ದೊಡ್ಡಪ್ಪನೂ ಕಣ್ಣಾರೆ ಕಂಡಿದ್ದಾರೆ, ಕಾಯಿ ಎದ್ದದ್ದನ್ನು, ಅಲ್ಲೇ ಎರಡಿಂಚು ನೀರು ಬಂದದ್ದನ್ನು. ನಮ್ಮ ಕಡೆ ಸಾವಿರ ಅಡಿ ಬಂಡೆ ಕೊರೆದರೆ ಎಲ್ಲೋ ಒಂದು ಸೀಳು ಸಿಕ್ಕಿ ಅರ್ಧ ಇಂಚಾದರೂ ಬರುವುದು ಅಪರೂಪವೇನಲ್ಲ. ಬಂದರೆ ಕಾಯಿಯವರ ಹೆಸರು ಮೂರು ಊರಿಗೆ ಹೋಗುತ್ತದೆ, ಬರದಿದ್ದರೆ ಹಣೆಬರಹ. ಅವರು ಕಂಡದ್ದನ್ನು ‘ಸುಳ್ಳು’ ಎಂದ ಕ್ಷಣವೇ ನಿಮ್ಮ ಮಾತು ಮುಗಿಯಿತು. ಮ್ಯೂನಿಕ್ ಆಮೇಲಿನದು.

ಇನ್ನು ಯಂತ್ರದಿಂದ ಸರ್ವೆ ಮಾಡುವ ನಮ್ಮ ಹುಳುಕು. ನಾಲ್ಕು ಕಂಬಿ ನೆಲಕ್ಕೆ ಬಡಿದು, ಹೊರಗಿನ ಎರಡರಿಂದ ಕರೆಂಟು ಬಿಟ್ಟು, ಒಳಗಿನ ಎರಡರ ನಡುವೆ ವೋಲ್ಟೇಜು ಅಳೆಯುತ್ತೇವೆ. ನೆಲ ಕರೆಂಟಿಗೆ ಒಡ್ಡುವ ತಡೆ, ಅಂದರೆ ರೋಧ, ಕಡಿಮೆ ಬಂದರೆ ನೀರಿರಬಹುದು. ಜೇಡಿಮಣ್ಣೂ ಇರಬಹುದು, ಉಪ್ಪುನೀರೂ ಇರಬಹುದು. ಮೇಲಿನ ಕೊಳೆತ ಕಲ್ಲಿನ (ಬಿಸಿಲು ಮಳೆಗೆ ಸಡಿಲವಾದ ಬಂಡೆಯ) ಪದರ ಎಷ್ಟು ದಪ್ಪ ಎಂದು ಚೆನ್ನಾಗಿ ಹೇಳುತ್ತೇವೆ. ಆದರೆ ಸಾವಿರ ಅಡಿ ಕೆಳಗಿನ ಎರಡಿಂಚು ಸೀಳು ಆ ಯಂತ್ರಕ್ಕೆ ಕಾಣುವುದಿಲ್ಲ, ಇದು ನಿಮಗೂ ಗೊತ್ತು. ದೊಡ್ಡಪ್ಪನಿಗೆ ಹೇಳಿದ್ದೀರಾ?

ನಾನು ಹೇಳಿರಲಿಲ್ಲ. ಬಾಗೇಪಲ್ಲಿ ಕಡೆ ಒಬ್ಬ ರೈತರಿಗೆ ನಾನೇ ಕೊಟ್ಟ ಪಾಯಿಂಟ್ ಫೇಲಾಯಿತು. ಬೋರ್ ಲಾರಿಯವನು ರಾಡು ಬಿಚ್ಚುತ್ತಿದ್ದ. ಆ ಮನುಷ್ಯ ಮಜ್ಜಿಗೆ ತಂದುಕೊಟ್ಟು, “ಮಿಷನ್ನು ಕೆಟ್ಟಿರಬೇಕು ಬಿಡಿ ಸಾರ್” ಎಂದು ನನಗೇ ಸಮಾಧಾನ ಹೇಳಿದರು. ನಾನು ವರದಿ ಬರೆದು ಜೀಪು ಹತ್ತಿದೆ, ಮತ್ತೆ ಆ ಕಡೆ ತಲೆ ಹಾಕಲಿಲ್ಲ. ವರ್ಷದ ಮೇಲೆ ಗೊತ್ತಾಯಿತು, ಅಲ್ಲಿನ ಕಾಯಿಯವರು ಮರುವಾರವೇ ಅವರ ಮನೆಗೆ ಹೋಗಿ ಜಗಲಿ ಮೇಲೆ ಕೂತು, ಮುದ್ದೆ ಉಂಡು, “ಬಾರಣ್ಣ, ಇನ್ನೊಂದು ಸಲ ನೋಡೋಣ, ದುಡ್ಡು ಬೇಡ” ಎಂದಿದ್ದರಂತೆ. ಆ ಊರಲ್ಲಿ ನನ್ನ ಮಾತು ಯಾರು ಕೇಳಬೇಕು, ಹೇಳಿ.

ಹೇಳುವುದನ್ನು ಬಿಡಬೇಡಿ. ಸ್ವಲ್ಪ ದಿನ ಕೇಳುವ ಕೆಲಸ ಮಾಡಿ. ಅಕ್ಕಪಕ್ಕದ ಹತ್ತು ಹನ್ನೆರಡು ಬೋರುಗಳಲ್ಲಿ ಕೇಸಿಂಗ್ (ಮೇಲಿನ ಸಡಿಲ ಪದರ ಕುಸಿಯದಂತೆ ಇಳಿಸುವ ಪೈಪು) ಎಷ್ಟೆಷ್ಟು ಅಡಿ ಇಳಿಯಿತು, ನೀರು ಎಷ್ಟು ಅಡಿಗೆ ಸಿಕ್ಕಿತು, ಎಷ್ಟು ವರ್ಷ ನಿಂತಿತು ಎಂದು ದೊಡ್ಡಪ್ಪನನ್ನೇ ಕೇಳಿ. ಕೇಸಿಂಗ್ ಪೈಪಿಗೆ ಅಡಿ ಲೆಕ್ಕದಲ್ಲಿ ದುಡ್ಡು ಎಣಿಸಿದ ಯಾವ ರೈತನೂ ಅದನ್ನು ಮರೆಯುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಅವರ ಎದುರೇ ಬರೆದುಕೊಳ್ಳಿ. ದಿಬ್ಬದ ಬೋರುಗಳಲ್ಲಿ ಬೇಗ ಗಟ್ಟಿ ಬಂಡೆ ಸಿಕ್ಕಿ ಕೇಸಿಂಗ್ ಕಡಿಮೆ ಹಿಡಿದಿರುತ್ತದೆ, ತಗ್ಗಿನಲ್ಲಿ ಸಾಮಾನ್ಯವಾಗಿ ಜಾಸ್ತಿ. ಕೊಳೆತ ಕಲ್ಲಿನ ಪದರ ದಪ್ಪ ಇದ್ದಲ್ಲಿ ಮಳೆನೀರು ಹಿಡಿದುಕೊಳ್ಳಲು ಜಾಗ ಇರುತ್ತದೆ ಎಂದು ನೀವು ಬಾಯಿಬಿಟ್ಟು ಹೇಳಬೇಕಾಗಿಯೇ ಬರದಿರಬಹುದು. ಹುಣಸೆಮರದ ಹತ್ತಿರ ಧೂಳಿನ ಗುಡ್ಡೆ ಇನ್ನೂ ಬಿದ್ದಿದ್ದರೆ ಇಬ್ಬರೂ ಹೋಗಿ ಕೆದಕಿ ನೋಡಿ. ಕೊಳೆತ ಕಲ್ಲಿನ ಕೆಂಪು ಮಿಶ್ರಿತ ಪುಡಿ ಒಂದು ಬುಟ್ಟಿಯಷ್ಟೇ ಇದ್ದು, ಉಳಿದದ್ದೆಲ್ಲ ಗಟ್ಟಿ ಬಂಡೆಯ ಹಿಟ್ಟಿನಂಥ ಬೂದುಬಿಳಿ ಪುಡಿಯಾದರೆ ಆ ದಿಬ್ಬದ ಜಾತಕ ಅಷ್ಟೇ.

ಅಮಾವಾಸ್ಯೆಯ ಕಾಯಿಯವರನ್ನು ತಡೆಯಲು ಹೋಗಬೇಡಿ, ಬರಲಿ. ತಗ್ಗಿನಲ್ಲಿ ನಿಮ್ಮ ಸರ್ವೆ ಚೆನ್ನಾಗಿದೆ ಎಂದ ಮೂವತ್ತು ಮೀಟರಿನಷ್ಟು ನೆಲವನ್ನು ಗೂಟ ಹೊಡೆದು ತೋರಿಸಿ, “ಈ ಗೂಟಗಳ ಮಧ್ಯೆ ಎಲ್ಲಿ ಅಂತ ನೀವು ನೋಡಿ ಅಣ್ಣಾ” ಎನ್ನಿ. ವಿಜ್ಞಾನಕ್ಕೆ ದ್ರೋಹ ಮಾಡಿದೆ ಎಂದು ನನ್ನ ಸಹೋದ್ಯೋಗಿಗಳು ಇದಕ್ಕೆ ಬೈದಿದ್ದಾರೆ. ಆ ಮೂವತ್ತು ಮೀಟರಿನೊಳಗೆ ನಿಖರವಾಗಿ ಎಲ್ಲಿ ಎಂದು ನಮಗೂ ಗೊತ್ತಿಲ್ಲದಾಗ ಕಾಯಿ ಎಲ್ಲಿ ನಿಂತರೆ ನಮಗೇನು ನಷ್ಟ?

ಇನ್ನೊಂದು ಮಾತು, ಇದಕ್ಕೆ ಅಮಾವಾಸ್ಯೆ ಕಾಯಬೇಡಿ. ಆ ಫೇಲಾದ ಬೋರಿನ ಬಾಯಿ ಮುಚ್ಚಿದ್ದಾರೆಯೇ ನೋಡಿ. ಕೇಸಿಂಗ್ ಪೈಪು ಕಿತ್ತುಕೊಂಡು ಗುಂಡಿ ಹಾಗೇ ಬಿಡುವುದು ನಮ್ಮ ಕಡೆ ಮಾಮೂಲು. ಮಕ್ಕಳು ಓಡಾಡುವ ಜಾಗ. ಇವತ್ತೇ ಕಲ್ಲು ಮಣ್ಣು ತುಂಬಿಸಿ. ಇದನ್ನು ನೀವು ಹೇಳಿದರೆ ದೊಡ್ಡಪ್ಪ ಖಂಡಿತ ಕೇಳುತ್ತಾರೆ.

ಪ್ರಶ್ನೆ: ಹುತ್ತ ಇದ್ದಲ್ಲೆಲ್ಲ ಬೋರು ಹಾಕಿಸಬೇಡಿ ಎಂದು ಹಿಂದೆ ಬರೆದಿದ್ದಿರಿ. ನೀವು ವರಾಹಮಿಹಿರನಿಗಿಂತ ದೊಡ್ಡವರೋ?
(ಒಬ್ಬ ಓದುಗರು, ತಿಪಟೂರು)

ಉತ್ತರ: ಖಂಡಿತ ಅಲ್ಲ. ವರಾಹಮಿಹಿರ 6ನೇ ಶತಮಾನದಲ್ಲಿ ಬರೆದ ಬೃಹತ್ಸಂಹಿತೆಯಲ್ಲಿ ದಕಾರ್ಗಲ ಎಂಬ ಅಧ್ಯಾಯವೇ ನೆಲದಡಿಯ ನೀರು ಹುಡುಕುವುದಕ್ಕೆ ಮೀಸಲು. ನೇರಳೆ ಮರದ ಪೂರ್ವಕ್ಕೆ ಹತ್ತಿರದಲ್ಲೇ ಹುತ್ತವಿದ್ದರೆ, ಮರದ ದಕ್ಷಿಣಕ್ಕೆ ಎರಡು ಪುರುಷ ಆಳದಲ್ಲಿ ಸಿಹಿನೀರು ಎನ್ನುತ್ತಾನೆ. ಮರ, ಹುತ್ತ, ಮಣ್ಣಿನ ಬಣ್ಣ, ಅಗೆದಾಗ ಸಿಗುವ ಕಲ್ಲು ಎಲ್ಲವನ್ನೂ ನೋಡಿ ಬರೆದವನು ಆತ. ನಾನು ಸಂಬಳಕ್ಕೆ ಮಾಡಿದ್ದೂ ಅದನ್ನೇ. ಒಂದು ಪುರುಷ ಎಂದರೆ ಕೈ ಮೇಲೆತ್ತಿ ನಿಂತ ಮನುಷ್ಯನ ಎತ್ತರ. ಎರಡು ಪುರುಷ ಎಂದರೆ ಹೆಚ್ಚುಕಡಿಮೆ ಹದಿನೈದು ಅಡಿ. ನಿಮ್ಮ ಊರಿನಲ್ಲಿ ಹದಿನೈದು ಅಡಿಗೆ ಬೇಸಿಗೆಯಲ್ಲೂ ನೀರಿರುವ ಬಾವಿ ಉಳಿದಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ, ಬಂದು ನೋಡಿಕೊಂಡು ಹೋಗುತ್ತೇನೆ.