ಬ್ಯಾಟಲ್ ಬ್ರದರ್ಸ್ ಕೊಳ್ಳಬಹುದಾ? ಅದರಲ್ಲಿ ಏನು ಚೆನ್ನಾಗಿದೆ, ಏನು ಚೆನ್ನಾಗಿಲ್ಲ?

ಟರ್ನ್-ಬೇಸ್ಡ್ (ಸರದಿಯ ಪ್ರಕಾರ ಆಡುವ) ಆಟಗಳು ನಿಮಗೆ ಹೊಸದಲ್ಲ, ಕಥೆ ಇರುವ ಆರ್‌ಪಿಜಿಗಳು (ಪಾತ್ರಗಳನ್ನು ಬೆಳೆಸುತ್ತಾ ಆಡುವ ಆಟಗಳು) ಇಷ್ಟ, ಲ್ಯಾಪ್‌ಟಾಪ್ ಹಳೆಯದು, ಬ್ಯಾಟಲ್ ಬ್ರದರ್ಸ್ ಎಂಬ ಕಂಪ್ಯೂಟರ್ ಆಟ ತಗೊಂಡರೆ ದುಡ್ಡು ದಂಡವಾಗುತ್ತಾ ಅಂತ ಕೇಳಿದ್ದೀರಿ. ದಂಡವಾಗುವುದಿಲ್ಲ, ಕೊಳ್ಳಿ. ಆದರೆ ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಈ ಆಟದ ಮೊದಲರ್ಧಕ್ಕೆ ಸಾಟಿಯಾದದ್ದನ್ನು ನಾನು ಬೇರೆಲ್ಲೂ ಆಡಿಲ್ಲ. ಎರಡನೇ ಅರ್ಧಕ್ಕೆ ಬಂದಾಗ ಅದು ತನ್ನ ಜೀವವನ್ನೇ ಸ್ವಲ್ಪ ಕಳೆದುಕೊಳ್ಳುತ್ತದೆ. ಹಾಗೇಕೆ ಅಂತ ಬಿಡಿಸಿ ಬರೆಯುತ್ತೇನೆ, ನಿಮಗೆ ಹೊಂದುತ್ತದೋ ಇಲ್ಲವೋ ನೀವೇ ನೋಡಿಕೊಳ್ಳಿ.

ಇದನ್ನು ಮಾಡಿದ್ದು ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಓವರ್‌ಹೈಪ್ ಸ್ಟುಡಿಯೋಸ್ ಎಂಬ ಪುಟ್ಟ ತಂಡ. 2015ರಲ್ಲಿ ಅರ್ಲಿ ಆಕ್ಸೆಸ್‌ಗೆ, ಅಂದರೆ ಪೂರ್ತಿಯಾಗುವ ಮೊದಲೇ ಮಾರಾಟಕ್ಕೆ ಬಂತು, 2017ರ ಮಾರ್ಚ್‌ನಲ್ಲಿ ಪೂರ್ತಿ ಆಟ ಹೊರಬಿತ್ತು. ಮಧ್ಯಯುಗದ ಯುರೋಪಿನಂಥ ಒಂದು ನಾಡು, ಅದರಲ್ಲಿ ದುಡ್ಡಿಗಾಗಿ ಯುದ್ಧ ಮಾಡುವ ಒಂದು ದಂಡು, ಆ ದಂಡಿನ ಯಜಮಾನರು ನೀವು. ಊರಿಂದೂರಿಗೆ ಅಲೆಯುತ್ತೀರಿ, ಗುತ್ತಿಗೆ ಹಿಡಿಯುತ್ತೀರಿ, ಕಳ್ಳರನ್ನೋ ದೆವ್ವಗಳನ್ನೋ ಬಡಿಯುತ್ತೀರಿ, ಬಂದ ಹಣದಲ್ಲಿ ಸಂಬಳ ಕೊಡುತ್ತೀರಿ. ನಕ್ಷೆ ಪ್ರತಿ ಸಲವೂ ಹೊಸದಾಗಿ ಹುಟ್ಟುತ್ತದೆ. ಲೋಕ ಉಳಿಸುವ ರಾಜಕುಮಾರ, ಭವಿಷ್ಯವಾಣಿ, ಅಂಥದ್ದೇನೂ ಇಲ್ಲ. ನಾಳೆ ಊಟಕ್ಕೆ ಏನಿದೆ, ಕೂಲಿ ಎಲ್ಲಿಂದ ಕೊಡೋದು, ಇದೇ ದೊಡ್ಡ ಚಿಂತೆ.

ಆಟದ ನಿಜವಾದ ಸೊಗಸು ಜನರನ್ನು ಸೇರಿಸಿಕೊಳ್ಳುವಲ್ಲಿ ಶುರುವಾಗುತ್ತದೆ. ಊರಿಗೆ ಹೋದರೆ ಕೆಲಸ ಹುಡುಕುತ್ತಿರುವವರ ಪಟ್ಟಿ ಸಿಗುತ್ತದೆ. ಒಬ್ಬ ಮೀನುಗಾರ, ಒಬ್ಬ ದಿನಗೂಲಿಯವನು, ಒಬ್ಬ ಭಿಕ್ಷುಕ, ಒಬ್ಬ ಸನ್ಯಾಸಿ. ಅಪರೂಪಕ್ಕೆ ಸಾವಿರಾರು ಕ್ರೌನ್ ಕೇಳುವ ಅಲೆಮಾರಿ ನೈಟ್. ಹೆಸರು, ಕಸುಬು, ಅವನು ಊರು ಬಿಟ್ಟು ಇಲ್ಲಿಗೆ ಬಂದದ್ದೇಕೆ ಅಂತ ನಾಲ್ಕು ಸಾಲು, ಅಷ್ಟೇ ಕಾಣಿಸುವುದು. ಕೌಶಲ, ರಕ್ಷಣೆ, ಧೈರ್ಯ ಎಷ್ಟೆಷ್ಟು ಅನ್ನುವ ಅವನ ಅಂಕಿಗಳೆಲ್ಲ ಗೊತ್ತಾಗುವುದು ದುಡ್ಡು ಕೊಟ್ಟು ಸೇರಿಸಿಕೊಂಡ ಮೇಲೆ. ಸ್ವಲ್ಪ ಹಣ ಕೊಟ್ಟು ಪರೀಕ್ಷೆ ಮಾಡಿದರೆ ಅವನ ಗುಣ-ದೋಷಗಳನ್ನು ಮೊದಲೇ ತಿಳಿಯಬಹುದು. ಒಬ್ಬ ಕುಡುಕ, ಒಬ್ಬನಿಗೆ ಇರುಳುಗಣ್ಣು, ಒಬ್ಬನಿಗೆ ಉಬ್ಬಸ, ಒಬ್ಬನಿಗೆ ಸತ್ತು ಎದ್ದವರನ್ನು ಕಂಡರೆ ನಡುಕ.

ಕೈಯಲ್ಲಿ ಕಾಸಿಲ್ಲದ ಕಾರಣ ಭಿಕ್ಷುಕನನ್ನೇ ತಗೊಳ್ಳುತ್ತೀರಿ. ಕೈಗೊಂದು ಈಟಿ, ಒಂದು ಮರದ ಗುರಾಣಿ ಕೊಟ್ಟು ಸಾಲಿನ ತುದಿಯಲ್ಲಿ ನಿಲ್ಲಿಸುತ್ತೀರಿ. ಬದುಕುತ್ತಾನೆ ಅನ್ನುವ ಭರವಸೆ ಇರುವುದಿಲ್ಲ. ಅವನು ಮೊದಲ ಯುದ್ಧ ದಾಟುತ್ತಾನೆ, ಎರಡನೆಯದೂ ದಾಟುತ್ತಾನೆ. ಮೂರನೆಯದರಲ್ಲಿ ನೆಲಕ್ಕೆ ಬೀಳುತ್ತಾನೆ, ಆದರೂ ಸಾಯುವುದಿಲ್ಲ, ಒಂದು ಕಣ್ಣು ಕಳೆದುಕೊಂಡು ಎದ್ದು ಬರುತ್ತಾನೆ. ಆ ಕಣ್ಣು ಮತ್ತೆ ಬರುವುದಿಲ್ಲ. ಮುಂದೆ ಅವನ ಮುಖ ನೋಡಿದಾಗಲೆಲ್ಲ ಆ ಯುದ್ಧ ನೆನಪಾಗುತ್ತದೆ. ಇದನ್ನು ಯಾವ ಲೇಖಕನೂ ಬರೆದಿಟ್ಟಿರಲಿಲ್ಲ. ನಿಮ್ಮ ನಿರ್ಧಾರ, ದಾಳದ ಮರ್ಜಿ ಎರಡೂ ಸೇರಿ ಹುಟ್ಟಿದ ಕಥೆ ಅದು. ಕಥೆ ಇಷ್ಟ ಅಂದಿರಲ್ಲ, ಈ ಆಟದಲ್ಲಿ ಸಿಗುವುದು ಈ ಥರದ ಕಥೆ. ಓದಲು ಸಿದ್ಧವಾಗಿ ಇಟ್ಟ ಕಥೆ ಬೇಕು ಅಂದರೆ ಇದು ಕೈ ಕೊಡುತ್ತದೆ.

ಇನ್ನು ಯುದ್ಧ. ಷಟ್ಕೋನದ ಮನೆಗಳ ಮೇಲೆ ನಡೆಯುತ್ತದೆ, ನಿಮ್ಮ ಕಡೆ ಸಾಮಾನ್ಯವಾಗಿ 12 ಜನ. ಒಬ್ಬೊಬ್ಬನಿಗೂ ಒಂದು ಸರದಿಗೆ 9 ಆಕ್ಷನ್ ಪಾಯಿಂಟ್. ಒಂದು ಕೈಯ ಕತ್ತಿ ಬೀಸಲು 4 ಬೇಕು, ಹಾಗಾಗಿ ಎರಡು ಏಟು ಹಾಕಬಹುದು. ಎರಡು ಕೈಯ ದೊಡ್ಡ ಕೊಡಲಿಗೆ 6, ಒಂದೇ ಏಟು. ಇದರ ಜೊತೆಗೆ ಸುಸ್ತಿನ ಲೆಕ್ಕ. ಪ್ರತಿ ಏಟಿಗೂ ಸುಸ್ತು ಏರುತ್ತದೆ, ಸರದಿಗೆ 15 ಮಾತ್ರ ಇಳಿಯುತ್ತದೆ. ಭಾರದ ಕವಚ ತೊಟ್ಟವನಿಗೆ ಸುಸ್ತಿನ ಮಿತಿಯೇ ಕಡಿಮೆ. ಅವನು ಕಬ್ಬಿಣದ ಕಂಬದ ಥರ ನಿಲ್ಲುತ್ತಾನೆ, ನಿಜ, ಆದರೆ ಯುದ್ಧ ಎಳೆದಷ್ಟೂ ಕೈ ಎತ್ತಲಾರದೆ ಹೋಗುತ್ತಾನೆ. ಎದುರಾಳಿಯ ಪಕ್ಕಕ್ಕೆ ಹೋದಿರೋ, ಅಲ್ಲಿಂದ ಸುಮ್ನೆ ಎದ್ದು ಬರುವ ಹಾಗಿಲ್ಲ, ಬೆನ್ನು ತಿರುಗಿಸಿದರೆ ಅವನಿಗೆ ಒಂದು ಏಟು ಪುಕ್ಕಟೆ. ಜೊತೆಯವನು ಸತ್ತರೆ ಉಳಿದವರ ಧೈರ್ಯ ಕುಗ್ಗುತ್ತದೆ. ಕುಗ್ಗಿ ಕುಗ್ಗಿ ಕೊನೆಗೆ ಓಡಿಯೇ ಹೋಗುತ್ತಾರೆ.

ಆಯುಧಗಳ ನಡುವಿನ ವ್ಯತ್ಯಾಸವೂ ಹೆಸರಿಗಷ್ಟೇ ಇರುವುದಲ್ಲ. ಈಟಿಯ ಗುರಿ ತಪ್ಪುವುದು ಕಡಿಮೆ, ಹೊಸಬರ ಕೈಗೆ ಅದೇ ಸರಿ. ಕೊಡಲಿ ಗುರಾಣಿ ಸೀಳುತ್ತದೆ. ಗದೆ ತಲೆ ಸುತ್ತಿಸುತ್ತದೆ. ಸುತ್ತಿಗೆ ಕವಚವನ್ನು ಚಿಂದಿ ಮಾಡುತ್ತದೆ. ಸರಪಳಿಗೆ ಗುಂಡು ಕಟ್ಟಿದ ಫ್ಲೇಲ್ ಗುರಾಣಿಯನ್ನು ದಾಟಿ ಹೊಡೆಯುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅಗ್ಗದ ಚೂರಿ. ಯಾಕೆ ಅಂತ ಒಂದು ಸನ್ನಿವೇಶ ಹೇಳುತ್ತೇನೆ.

ಕಳ್ಳರ ಗುಂಪು ಮುಗಿದಿದೆ, ನಾಯಕನೊಬ್ಬ ಉಳಿದಿದ್ದಾನೆ. ಮೈತುಂಬ ಒಳ್ಳೆಯ ಕಬ್ಬಿಣದ ಕವಚ, ಕೈಯಲ್ಲಿ ಎರಡು ಕೈಯ ಕತ್ತಿ. ನಿಮ್ಮವರ ಮೈಮೇಲೆ ಹೊಲಿದ ಬಟ್ಟೆ, ಹಳೆ ಚರ್ಮ. ಅಂಥ ಕವಚವನ್ನು ಅಂಗಡಿಯಲ್ಲಿ ಕೊಳ್ಳುವಷ್ಟು ಹಣ ಸದ್ಯಕ್ಕೆ ಸೇರುವುದಿಲ್ಲ. ಸುತ್ತಿಗೆಯಲ್ಲಿ ಬಡಿದರೆ ಬೇಗ ಸಾಯುತ್ತಾನೆ, ಆದರೆ ಜಜ್ಜಿಹೋದ ಕವಚ ನಿಮ್ಮ ಕೈಗೆ ಸಿಗುವುದು ಅನುಮಾನ. ಚೂರಿಗೆ ಕವಚದ ಸಂದಿಯಲ್ಲಿ ಚುಚ್ಚುವ ಒಂದು ವಿದ್ಯೆ ಇದೆ. ಆ ಏಟು ಕವಚವನ್ನು ಮುಟ್ಟದೆ ನೇರ ಮೈಗೆ ತಾಗುತ್ತದೆ, ಆದರೆ ಗುರಿ ತಪ್ಪುವುದು ಜಾಸ್ತಿ. ಹಾಗಾಗಿ ನಾಲ್ಕೈದು ಜನ ಅವನನ್ನು ಸುತ್ತುವರಿದು, ಚೂರಿ ಹಿಡಿದು, ಒಂದೊಂದೇ ಚುಚ್ಚುತ್ತಾರೆ. ಅವನೇನು ಕೈ ಕಟ್ಟಿ ನಿಂತಿರುತ್ತಾನಾ? ಅವನ ಒಂದು ಬೀಸು ಸರಿಯಾಗಿ ತಲೆಗೆ ಬಿದ್ದರೆ ನಿಮ್ಮ ಹುಡುಗ ಮುಗಿದ. ಒಂದು ಕವಚಕ್ಕಾಗಿ ಯಾರ ಜೀವ ಪಣಕ್ಕಿಡುತ್ತೀರಿ? ಈ ಪ್ರಶ್ನೆಯನ್ನು ಯಾವ ಪಾತ್ರವೂ ಬಾಯಿಬಿಟ್ಟು ಕೇಳುವುದಿಲ್ಲ. ಆಟದ ನಿಯಮಗಳೇ ಕೇಳುತ್ತವೆ. ನನ್ನ ಪ್ರಕಾರ ಈ ಆಟದ ದೊಡ್ಡ ಸಾಧನೆ ಇದೇ.

ಶತ್ರುಗಳ ವಿಷಯದಲ್ಲೂ ಹಾಗೇ. ಹಸಿರು ಚರ್ಮದ ಓರ್ಕ್‌ಗಳು ಮೈಬಲದಿಂದ ನಿಮ್ಮ ಸಾಲು ಮುರಿಯುತ್ತಾರೆ. ಗಾಬ್ಲಿನ್‌ಗಳು ದೂರದಿಂದ ವಿಷದ ಬಾಣ ಬಿಟ್ಟು ಸತಾಯಿಸುತ್ತವೆ. ಪುರಾತನ ಸೈನಿಕರ ಎಲುಬುಗೂಡುಗಳಿಗೆ ಸುಸ್ತೇ ಆಗುವುದಿಲ್ಲ, ಸಾಲುಗಟ್ಟಿ ಗುರಾಣಿ ಹಿಡಿದು ಬರುತ್ತವೆ. ನಾಖ್‌ತ್ಸೇರರ್ ಎಂಬ ಹೆಣ ತಿನ್ನುವ ಪ್ರಾಣಿ ತಿಂದಷ್ಟೂ ಬೆಳೆದು, ಪೂರ್ತಿ ಬೆಳೆದ ಮೇಲೆ ನಿಮ್ಮವನೊಬ್ಬನನ್ನು ಇಡೀ ನುಂಗಿಬಿಡುತ್ತದೆ. ಅದನ್ನು ಕೊಂದರೆ ಒಳಗಿದ್ದವನು ಜೀವಂತ ಹೊರಬರುತ್ತಾನೆ. ಹಾಗಾಗಿ ಅಲ್ಲಿ ಹೆಣ ಬೀಳುವ ಜಾಗವೂ ಲೆಕ್ಕಕ್ಕೆ ಬರುತ್ತದೆ. ಒಂದು ಶತ್ರುವಿಗೆ ಕಲಿತ ಪಟ್ಟು ಇನ್ನೊಂದಕ್ಕೆ ನಡೆಯುವುದಿಲ್ಲ.

ನೋಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸೈನಿಕರಿಗೆ ಕಾಲೇ ಇಲ್ಲ, ಎದೆಯಿಂದ ಮೇಲಿನ ಬೊಂಬೆಗಳು ಮನೆಯಿಂದ ಮನೆಗೆ ಜಾರುತ್ತವೆ. ಮೊದಲು ವಿಚಿತ್ರ ಅನಿಸುತ್ತದೆ, ಬೇಗ ರೂಢಿಯಾಗುತ್ತದೆ. ಆದರೆ ಆ ಬೊಂಬೆಯ ಮೇಲೆ ಕವಚ ಹರಿದದ್ದು, ರಕ್ತ ಮೆತ್ತಿದ್ದು, ಗಾಯಕ್ಕೆ ಬಟ್ಟೆ ಕಟ್ಟಿದ್ದು ಎಲ್ಲ ಕಾಣುತ್ತದೆ. ಸಂಗೀತ ತುಂಬ ಚೆನ್ನಾಗಿದೆ. ಇಷ್ಟು ಸರಳ ನೋಟ ಇರುವುದರಿಂದಲೇ ಹಳೆಯ ಲ್ಯಾಪ್‌ಟಾಪ್‌ಗೂ ಇದು ಹೊರೆಯಾಗುವುದಿಲ್ಲ, ಆ ಚಿಂತೆ ಬಿಡಿ.

ಈಗ ಕೊರತೆಗಳು. ಆಟ ಏನನ್ನೂ ಸರಿಯಾಗಿ ಹೇಳಿಕೊಡುವುದಿಲ್ಲ. ಏಟು ತಾಗುವ ಸಾಧ್ಯತೆ ಶೇಕಡಾ ಇಷ್ಟು ಅಂತ ತೋರಿಸುತ್ತದೆ, ಎಷ್ಟು ಚೆನ್ನಾಗಿದ್ದರೂ 95ಕ್ಕಿಂತ ಮೇಲೆ ಹೋಗುವುದಿಲ್ಲ, ಎಷ್ಟು ಕೆಟ್ಟದಾಗಿದ್ದರೂ 5ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಅಂದರೆ ಯಾವತ್ತೂ, ಯಾರಿಗೂ, ಯಾವುದೂ ಖಚಿತವಲ್ಲ. 90 ತೋರಿಸಿದ ಏಟು ತಪ್ಪಿ, ಅದೇ ಸರದಿಯಲ್ಲಿ ನಿಮ್ಮ ಒಳ್ಳೆಯ ಹುಡುಗ ಸತ್ತರೆ ಹೊಟ್ಟೆ ಉರಿಯುತ್ತದೆ. ಯುದ್ಧದ ಮಧ್ಯೆ ಸೇವ್ ಮಾಡಲೂ ಆಗುವುದಿಲ್ಲ. ಹೊಸಬರು ಇಲ್ಲೇ ಆಟ ಬಿಡುತ್ತಾರೆ. ನಾನು ಇದನ್ನು ದೊಡ್ಡ ದೋಷ ಅನ್ನುವುದಿಲ್ಲ, ಪ್ರತಿ ಏಟಿನ ಲೆಕ್ಕವೂ ಯುದ್ಧದ ದಾಖಲೆಯಲ್ಲಿ ಕಾಣುತ್ತದೆ, ಮೋಸ ಇಲ್ಲ. ಆದರೆ ಕಲಿಸುವ ವಿಷಯದಲ್ಲಿ ತೋರಿಸಿದ ಜಿಪುಣತನ ನಿಜವಾದ ದೋಷ. ಯಾವ ಪರ್ಕ್ (ಲೆವೆಲ್ ಏರಿದಾಗ ಆರಿಸಿಕೊಳ್ಳುವ ವಿಶೇಷ ಗುಣ) ಆರಿಸಬೇಕು, ಯಾವ ಶತ್ರುವಿನಿಂದ ದೂರ ಓಡಬೇಕು ಅನ್ನುವುದನ್ನು ಹೆಣಗಳ ಲೆಕ್ಕದಲ್ಲೇ ಕಲಿಯಬೇಕು.

ಗುತ್ತಿಗೆಗಳ ಬರವಣಿಗೆ ಮೊದಲು ಓದಲು ಖುಷಿ ಕೊಡುತ್ತದೆ. ಊರಿನ ಯಜಮಾನನ ಜೊತೆ ಹಣಕ್ಕೆ ಚೌಕಾಸಿ ಮಾಡುವುದು, ಮುಂಗಡ ಕೇಳುವುದು, ಎಲ್ಲ ಇದೆ. ಆದರೆ ಅದೇ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಸಾಮಾನು ಸಾಗಿಸು, ಸ್ಮಶಾನ ಶುಚಿ ಮಾಡು, ಕಳ್ಳರ ಬಿಡಾರ ಸುಡು. ಒಂದು ಹಂತದಲ್ಲಿ ಓದುವುದೇ ಬಿಟ್ಟು ಮುಂದೆ ಒತ್ತುತ್ತೀರಿ. ಇನ್ನೊಂದು ವಿಷಯ: ದಂಡಿಗೆ ಸೇರುವವರೆಲ್ಲ ಗಂಡಸರೇ. ಇಷ್ಟು ಬಗೆಬಗೆಯ ಕಸುಬಿನವರನ್ನು ಕಲ್ಪಿಸಿದ ತಂಡ ಹೆಂಗಸರಿಗೆ ಜಾಗ ಕೊಡದಿದ್ದದ್ದು ನನಗೆ ಬೇಸರ.

ಆದರೆ ನಾನು ಮೊದಲೇ ಹೇಳಿದ ದೊಡ್ಡ ಕೊರತೆ ಬೇರೆಯದು. ಏಟು ತಾಗುವ ಲೆಕ್ಕದ ತಿರುಳು ಸರಳ ಕಳೆಯುವಿಕೆ: ಹೊಡೆಯುವವನ ಕೌಶಲದಿಂದ ತಡೆಯುವವನ ರಕ್ಷಣೆ ಕಳೆಯಿರಿ. ದಿನ ಕಳೆದಂತೆ, ನಿಮ್ಮ ದಂಡು ಬಲಿತಂತೆ, ಶತ್ರುಗಳೂ ಬಲಿಯುತ್ತಾರೆ. ಆಟದ ಲೆಕ್ಕದಲ್ಲಿ ಸುಮಾರು 80 ದಿನ ದಾಟಿದ ಮೇಲೆ ದೊಡ್ಡ ಸಂಕಟ ಶುರುವಾಗುತ್ತದೆ. ಪಾಳೆಯಗಾರರ ಯುದ್ಧ, ಹಸಿರು ಚರ್ಮದವರ ದಾಳಿ, ಸತ್ತವರು ಎದ್ದು ಬರುವುದು, ಇವುಗಳಲ್ಲಿ ಯಾವುದಾದರೂ ಒಂದು. ಆಗ ಎದುರಿಗೆ ಬರುವವರನ್ನು ಹೊಡೆಯಲು ಹುಟ್ಟಿನಿಂದಲೇ ಒಳ್ಳೆಯ ಅಂಕಿ ಇದ್ದವರೇ ಬೇಕು. ಪ್ರತಿ ಲೆವೆಲ್‌ಗೂ ಎಂಟು ಅಂಕಿಗಳಲ್ಲಿ ಮೂರನ್ನು ಏರಿಸಬಹುದು. 11ನೇ ಲೆವೆಲ್ ಆದ ಮೇಲೆ ಏರಿಕೆ ತಲಾ ಒಂದೇ ಒಂದು. ಅಲ್ಲಿಗೆ ಭಿಕ್ಷುಕನ ಬೆಳವಣಿಗೆ ನಿಂತಂತೆ.

ಆಗ ನಿಮ್ಮ ಕಣ್ಣು ಬದಲಾಗುತ್ತದೆ. ಊರಿಗೆ ಹೋದರೆ ಮನುಷ್ಯರು ಕಾಣುವುದಿಲ್ಲ, ಹುಟ್ಟು ಪ್ರತಿಭೆ ತೋರಿಸುವ, ಅಂಕಿಗಳ ಪಕ್ಕದ ನಕ್ಷತ್ರಗಳು ಕಾಣುತ್ತವೆ. ಹತ್ತು ಜನರನ್ನು ಕೊಂಡು ಒಂಬತ್ತು ಜನರನ್ನು ಕಳಿಸುತ್ತೀರಿ. ಪರ್ಕ್‌ಗಳೂ ಹೆಚ್ಚುಕಡಿಮೆ ಎರಡೇ ದಾರಿಗೆ ಬಂದು ನಿಲ್ಲುತ್ತವೆ: ಹಗುರ ಕವಚಕ್ಕೆ ನಿಂಬಲ್, ಭಾರದ ಕವಚಕ್ಕೆ ಬ್ಯಾಟಲ್ ಫೋರ್ಜ್ಡ್. ಹನ್ನೆರಡು ಜನರಲ್ಲಿ ಬಹುಪಾಲು ಒಂದೇ ಅಚ್ಚಿನವರಾಗುತ್ತಾರೆ. ಒಕ್ಕಣ್ಣಿನ ಆ ಭಿಕ್ಷುಕ ಮೀಸಲು ಸಾಲಿನಲ್ಲಿ ಕೂತು ಸಂಬಳ ತಿನ್ನುತ್ತಾನೆ, ಲೆವೆಲ್ ಏರಿದ್ದರಿಂದ ಸಂಬಳವೂ ಏರಿರುತ್ತದೆ. ಒಂದು ದಿನ ಅವನನ್ನು ಬಿಡಿಸಲೇಬೇಕು. ಬಿಡಿಸುವಾಗ ಪರಿಹಾರ ಕೊಡುತ್ತೀರಾ ಅಂತ ಆಟ ಕೇಳುತ್ತದೆ. ಆ ಸಣ್ಣ ಪ್ರಶ್ನೆ ಇಟ್ಟವರಿಗೆ ನನ್ನ ಮೆಚ್ಚುಗೆ ಇದೆ. ಆದರೆ ಅಷ್ಟಕ್ಕೇ ಮುಗಿಯಿತು. ಹಳಬನಿಗೆ ದಂಡಿನಲ್ಲಿ ಬೇರೆ ಕೆಲಸ ಇಲ್ಲ. ಹುಡುಗರಿಗೆ ಪಾಠ ಹೇಳುವುದಾಗಲಿ, ಬಿಡಾರ ನೋಡಿಕೊಳ್ಳುವುದಾಗಲಿ ಅವನಿಗೆ ಸಿಗುವುದಿಲ್ಲ. 2020ರ ಬ್ಲೇಜಿಂಗ್ ಡೆಸರ್ಟ್ಸ್ ಡಿಎಲ್‌ಸಿ (ಮೂಲ ಆಟಕ್ಕೆ ಆಮೇಲೆ ಸೇರಿಸಿಕೊಳ್ಳುವ ಭಾಗ) ದಂಡಿಗೆ ಅಡುಗೆಯವನು, ದಾರಿ ನೋಡುವವನು ಥರದ ಪರಿವಾರವನ್ನು ತಂದಿತು, ಸರಿ. ಆದರೆ ಅವರನ್ನು ಹೊರಗಿನಿಂದ ದುಡ್ಡು ಕೊಟ್ಟು ತರಬೇಕು. ನಿಮ್ಮ ಜೊತೆ ಸವೆದವನೊಬ್ಬ ಆ ಜಾಗಕ್ಕೆ ಹೋಗುವ ಹಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು, ಅಲ್ವಾ?

ಹೀಗಾಗಿ ನನ್ನ ಸಲಹೆ ಇದು. ಒಂದೇ ದಂಡನ್ನು ನೂರಾರು ದಿನ ಎಳೆಯಬೇಡಿ. ಮೊದಲ ಸಂಕಟ ಮುಗಿಯುವವರೆಗೆ ಆಡಿ, ಅಲ್ಲಿಗೆ ದಂಡನ್ನು ನಿವೃತ್ತಿ ಮಾಡಿಸಿ, ಹೊಸ ನಕ್ಷೆಯಲ್ಲಿ ಹೊಸಬರ ಜೊತೆ ಶುರು ಮಾಡಿ. ಹಾಗೆ ಆಡುವವರಿಗೆ ಕೊಳ್ಳಲು ಯೋಗ್ಯವಾದ ಡಿಎಲ್‌ಸಿ 2019ರ ವಾರಿಯರ್ಸ್ ಆಫ್ ದಿ ನಾರ್ತ್, ಏಕೆಂದರೆ ದಂಡಿನ ಹುಟ್ಟಿನ ಕಥೆಯನ್ನೇ ಆರಿಸಿಕೊಳ್ಳುವ ಅವಕಾಶ ಬಂದದ್ದು ಅದರಲ್ಲಿ. ಅದರಲ್ಲೊಂದು ರೈತರ ದಂಡು ಇದೆ, ಅವರು 12ರ ಬದಲು 16 ಜನ ಕಣಕ್ಕಿಳಿಯಬಹುದು. ಬಡವರ ಕಥೆಯನ್ನು ಕೊನೆವರೆಗೂ ಬಡವರ ಕಥೆಯಾಗಿಯೇ ಇಡುವುದಕ್ಕೆ ನನಗೆ ಕಂಡ ಒಳ್ಳೆಯ ದಾರಿ ಅದು. 2018ರ ಬೀಸ್ಟ್ಸ್ ಅಂಡ್ ಎಕ್ಸ್‌ಪ್ಲೊರೇಷನ್ ಬೇರೆ ಬೇರೆ ಮೃಗಗಳನ್ನು ತರುತ್ತದೆ, ಅದೂ ಒಳ್ಳೆಯದೇ, ಎರಡನೆಯದಾಗಿ ತಗೊಳ್ಳಿ. ಲಿಂಡ್‌ವುರ್ಮ್ ಎಂಬ ಪುಟ್ಟ ಡಿಎಲ್‌ಸಿ ಉಚಿತ, ಅದನ್ನು ಹಾಕಿಕೊಂಡುಬಿಡಿ.

ಮೊದಲ ಸಲ ಬರೀ ಮೂಲ ಆಟ ಸಾಕು. ಬಿಗಿನರ್ ಮಟ್ಟದಲ್ಲಿ ಶುರು ಮಾಡಿ, ಹಳೆಯ ಸೇವ್‌ಗೆ ಹಿಂತಿರುಗಲು ಬಿಡದ ಐರನ್‌ಮ್ಯಾನ್ ಆನ್ ಮಾಡಬೇಡಿ. ಒಂದು ತಲೆಬುರುಡೆಯ ಗುರುತಿರುವ, ಅಂದರೆ ಸುಲಭದ ಗುತ್ತಿಗೆಗಳನ್ನಷ್ಟೇ ಹಿಡಿಯಿರಿ. ಎಲ್ಲರ ಕೈಗೂ ಈಟಿ, ಗುರಾಣಿ ಕೊಡಿ. ಹಣ ಬಂದ ತಕ್ಷಣ ಆಯುಧಕ್ಕೆ ಸುರಿಯಬೇಡಿ, ಮೊದಲು ತಲೆಗೆ ಹೆಲ್ಮೆಟ್, ಆಮೇಲೆ ಮೈಗೆ ಕವಚ. ದೂರದಲ್ಲಿ ಗಾಬ್ಲಿನ್ ಗುಂಪು ಕಂಡರೆ ದಾರಿ ಬದಲಿಸಿ. ಒಬ್ಬಿಬ್ಬರು ಸತ್ತರು ಅಂತ ಹಳೆಯ ಸೇವ್‌ಗೆ ಓಡಬೇಡಿ, ದಂಡೇ ಅಳಿಸಿಹೋದರೆ ಮಾತ್ರ ಹೋಗಿ. ಮೂರು ಜನರಿಂದ ಶುರುವಾದ ದಂಡು ಹನ್ನೆರಡಕ್ಕೆ ಮುಟ್ಟುವಷ್ಟರಲ್ಲಿ ಈ ಆಟ ನಿಮ್ಮದೋ ಅಲ್ಲವೋ ಗೊತ್ತಾಗಿರುತ್ತದೆ, ಡಿಎಲ್‌ಸಿ ಬಗ್ಗೆ ಆಗ ಯೋಚಿಸಿ.